ಮಣ್ಣು ಮುಟ್ಟದ ಹೂವು

ಬುಟ್ಟಿಯ ಅಡಿಯಲ್ಲಿ ಆ ಹೂವು ಹನ್ನೆರಡೇ ಇದ್ದವು. ಒದ್ದೆ ಅರಿವೆಯಲ್ಲಿ ಸುತ್ತಿಟ್ಟ ಅವಕ್ಕೆ ತೂಕವೆಂಬುದೇ ಇರಲಿಲ್ಲ. ಆದರೂ ಗುರುಸಿದ್ದವ್ವನ ಕತ್ತು ಬೆಳಗಿನಿಂದ ನೋಯುತ್ತಿತ್ತು. ಮೇಲೆ ಪತ್ರಿ ಇತ್ತು, ಕಣಗಿಲೆ ಇತ್ತು, ಮಗಳು ರುದ್ರವ್ವ ಕಟ್ಟಿಕೊಟ್ಟ ನಾಲ್ಕು ಮೊಳ ಮಲ್ಲಿಗೆ ಇತ್ತು. ಶ್ರಾವಣದ ಸೋಮವಾರ. ಜೋರಾಪುರ ಪೇಟೆಯ ಓಣಿಯಲ್ಲಿ ಹೆಂಗಸರು ಬಾಗಿಲ ಮುಂದೆ ನೀರು ಹೊಡೆಯುತ್ತಿದ್ದರು, ಕೊಡಗಟ್ಟಲೆ ಹೊಡೆಯುತ್ತಿದ್ದರು. ಆ ನೀರು ಹಾಸುಗಲ್ಲಿನ ಸಂದಿನಲ್ಲಿ ಹರಿದು ಬಂದು ಬರಿಗಾಲಿಗೆ ತಾಗಿದಾಗಲೆಲ್ಲ ಅವಳು ಸುಟ್ಟಂತೆ ಪಕ್ಕಕ್ಕೆ ಸರಿಯುತ್ತಿದ್ದಳು. ಮಾವನ ಕಾಲದಿಂದ ಈ ಹೂಗಾರರ ಮನೆತನಕ್ಕೆ ಬಂದ ನಲವತ್ತು ಮನೆಗಳು. ಪೂಜೆಯ ಹೊತ್ತಿಗೆ ಒಂದೊಂದು ಮನೆಯ ಲಿಂಗಕ್ಕೂ ಪತ್ರಿ, ಹೂವು ಮುಟ್ಟಿಸಬೇಕು; ಸುಗ್ಗಿಯಲ್ಲಿ ಅವರು ಜೋಳ ಕೊಡಬೇಕು. ಗಂಡ ಸತ್ತ ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಿದವಳಲ್ಲ. ಜ್ವರದಲ್ಲಿ ನಡೆದಿದ್ದಾಳೆ, ಕಾಲಿಗೆ ಮುಳ್ಳು ಮುರಿದುಕೊಂಡು ನಡೆದಿದ್ದಾಳೆ. ನಮ್ಮ ಮನಿಗೋಳು ಎಂದು ಮಗಳ ಮುಂದೆ ಹೇಳಿಕೊಳ್ಳುತ್ತಾಳೆ. ಹೊಸ್ತಿಲು ದಾಟಿ ಒಳಗೆ ಕೂತ ಮನೆ ಒಂದೂ ಇಲ್ಲ.

ಈ ಹನ್ನೆರಡು ಹೂವಿಗಾಗಿ ಕೋಳಿ ಕೂಗುವ ಹೊತ್ತಿಗೆ ಇಟ್ಟಂಗಿಹಾಳದ ದಾರಿಯ ಕಲ್ಲುಗಣಿಗೆ ಹೋಗಿದ್ದಳು. ಯಾವ ಕಾಲದಲ್ಲೋ ಕಲ್ಲು ತೆಗೆದು ಬಿಟ್ಟ ಹೊಂಡ ಅದು. ಊರ ಹೊರಗಿನ ಕೇರಿಯ ಮೂವತ್ತು ಮನೆಗೆ ಅದೊಂದೇ ನೀರು. ಹೋಗಿ ನಿಂತಾಗ ನೀರು ಕಾಣಲಿಲ್ಲ. ದಂಡೆಯಿಂದ ದಂಡೆಗೆ ಕಂಬಳಿ ಹಾಸಿದಂತೆ ದುಂಡನೆಯ ಹಸಿರು ಎಲೆ, ಗುಳ್ಳೆಯಂತೆ ಉಬ್ಬಿದ ದೇಟು, ಅದರ ಮೇಲೆ ತಿಳಿನೇರಳೆ ಹೂವಿನ ಗೊಂಚಲು. ಪರಸವ್ವ ಮೊಣಕಾಲಮಟ ಇಳಿದು, ಕೊಡದ ತಳದಿಂದ ಎಲೆಗಳನ್ನು ಒತ್ತಿ ಆಚೆ ಸರಿಸಿ, ಅವು ಮತ್ತೆ ಬಂದು ಕೂಡಿಕೊಳ್ಳುವ ಮೊದಲು ಬೊಗಸೆಯಿಂದ ನೀರು ತುಂಬಿಕೊಳ್ಳುತ್ತಿದ್ದಳು. ಕೇರಿಯ ಸೂಲಗಿತ್ತಿ. ಪೇಟೆಯ ಅರ್ಧ ಮಕ್ಕಳ ಹೊಕ್ಕಳು ಕೊಯ್ದ ಕೈ ಅದು. ರುದ್ರವ್ವನದನ್ನೂ ಅದೇ ಕೈ ಕೊಯ್ದದ್ದು. ತಿರುಗಿ ನೋಡಿದಳು, ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಹೂವಿಗೆ ಬಂದೀರಿ?”

“ಹೂಂ. ಸೋಮಾರಲ್ಲ ಇವತ್ತ. ಕೇಳ್ತಾರ.”

ಪರಸವ್ವ ಕೊಡ ಬಿಟ್ಟು ಒಳಗೆ ಹೋದಳು. ಸೊಂಟದ ತನಕ ನೀರು, ನೀರಿನ ಮೇಲೆ ಎಲೆ, ಎಲೆಗಳ ನಡುವೆ ಅವಳ ಸೀರೆ ತೇಲುತ್ತಿತ್ತು. ಒಂದೊಂದಾಗಿ ಹನ್ನೆರಡು ಕಿತ್ತು ತಂದು ದಂಡೆಯ ಚಪ್ಪಟೆ ಕಲ್ಲಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಗುರುಸಿದ್ದವ್ವ ಎತ್ತಿಕೊಳ್ಳಲೆಂದು ಬಗ್ಗಿದಾಗ ಹೇಳಿದಳು: “ಕಲ್ಲ ಮ್ಯಾಲ ಇಟ್ಟೇನ್ರಿ ಯವ್ವಾ. ಮಣ್ಣ ಮುಟ್ಟಿಲ್ಲ.”

ಅದನ್ನು ಕುಹಕವೆನ್ನಬೇಕೋ, ಬರೀ ಮರ್ಯಾದೆಯೆನ್ನಬೇಕೋ? ದಾರಿಯುದ್ದಕ್ಕೂ ಗುರುಸಿದ್ದವ್ವ ಆ ಮಾತನ್ನು ಅತ್ತ ಇತ್ತ ತಿರುಗಿಸಿ ನೋಡಿದ್ದಳು. ಯಾಕೆಂದರೆ ಆ ಮಾತು ಅವಳದೇ. ಹೋದ ಶಿವರಾತ್ರಿಯ ದಿನ ಮನೆಮನೆಯ ಕಟ್ಟೆಗೆ ನಿಂತು ತಾನೇ ಹುಟ್ಟಿಸಿದ ಮಾತು. “ಮಣ್ಣ ಮುಟ್ಟದ ಹೂವ್ರಿ ಇದು. ಬ್ಯಾರು ಸೈತ ನೀರಾಗಽ ಐತಿ. ನಾಯಿ ತುಳದಿಲ್ಲ, ಕೋಳಿ ಕೆದರಿಲ್ಲ. ಇದಕ್ಕಿಂತ ಮಡಿ ಹೂವು ಎಲ್ಲಿ ತರ್ಲಿ?” ಹೆಂಗಸರು ಕಣ್ಣರಳಿಸಿದ್ದರು. ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನಂತೆ ನೀಲಿ, ನೀಲಿಯ ನಡುವೆ ಅರಿಷಿಣದ ಬೊಟ್ಟು. ಶಿವನ ಮೂರನೇ ಕಣ್ಣು ನೋಡ್ರಿ ಎಂದವರೂ ಉಂಟು. ಅದುವರೆಗೆ ‘ಹೂಗಾರಾಕಿ ಬಂದ್ಲು’ ಎನ್ನುತ್ತಿದ್ದವರು ಅಂದಿನಿಂದ ‘ಗುರುಸಿದ್ದವ್ವ ಬಂದಾಳ’ ಎಂದರು. ಹೆಸರು ಹಿಡಿದು ಕರೆಯಿಸಿಕೊಳ್ಳುವುದು ಇಷ್ಟು ಹಿತವೆಂದು ಅವಳಿಗೆ ಐವತ್ತರ ಹತ್ತಿರ ಗೊತ್ತಾಗಿತ್ತು.

ಗಿಡ ತಂದವನು ತಮ್ಮ ಶಿವಯೋಗೆಪ್ಪ. ದಂಡಿನ ಅಡುಗೆಯವನಾಗಿ ಬಂಗಾಲದಲ್ಲಿ ಮೂರು ವರ್ಷ ಇದ್ದು, ಹೋದ ವರ್ಷ ಯುದ್ಧ ಮುಗಿದು ದಸರೆಯ ಹೊತ್ತಿಗೆ ಬಂದ. ಬರುವಾಗ ಅಕ್ಕನಿಗೆಂದು ಒಂದು ಸೀರೆ ಸಹ ತರಲಿಲ್ಲ. ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಈ ಗಿಡ ತಂದ. ನಾಲ್ಕು ದಿನದ ರೈಲಿನಲ್ಲಿ ಸಾಯದ ಗಿಡ. “ಹೂವಿನಾಕೀಗೆ ಹೂವಽ ತಂದೇನಿ ನೋಡಕ್ಕಾ. ಆದ್ರ ಡಬ್ಬ್ಯಾಗಽ ಇಟಗೋ. ಅಲ್ಲಿ ಜನಾ ಇದಕ್ಕ ಬೈತಾರ. ಹಳ್ಳ ಕೆರಿ ಎಲ್ಲಾ ಮುಚ್ಚಿ ದೋಣಿನಽ ನಡಿಯೂದಿಲ್ಲ. ಒಂದ್ ಬಿಟ್ರ ಸಾವಿರ ಆಗ್ತಾವು.” ಅವನು ನಗುತ್ತ ಹೇಳಿದ್ದ. ಅವಳಿಗೆ ದೋಣಿ ಗೊತ್ತಿರಲಿಲ್ಲ, ದೋಣಿ ನಡೆಯುವಷ್ಟು ನೀರು ಗೊತ್ತಿರಲಿಲ್ಲ. ಸಾವಿರ ಎಂಬುದು ಮಾತ್ರ ಗೊತ್ತಾಯಿತು. ಬೇಸಿಗೆ ಬಂದರೆ ನಲವತ್ತು ಮನೆಗೆ ನಾಲ್ಕು ನಾಲ್ಕು ಹೂವು ಹೊಂದಿಸಲು ತಿಪ್ಪರಲಾಗ ಹಾಕುವವಳಿಗೆ ಸಾವಿರ ಹೂವು ಎಂದರೆ ಬೈಗುಳದಂತೆ ಹೇಗೆ ಕೇಳಿಸಬೇಕು? ಅವನು ಸೋಲಾಪುರದ ಗಿರಣಿಗೆ ಹೊರಟುಹೋದ ಮರುದಿನವೇ, ತನ್ನ ಹೂವಿನ ಹೊಲದ ಪಟ್ಟಿಗೆ ಹತ್ತಿಕೊಂಡಿರುವ, ಪೇಟೆಯೆಲ್ಲ ನೀರು ಸೇದುವ ಬಾವಡಿಯ ಮೆಟ್ಟಿಲಿಳಿದು ಡಬ್ಬಿಯನ್ನು ಬೋರಲು ಹಾಕಿದಳು. ಗಿಡ ಒಮ್ಮೆ ಮುಳುಗಿ ಎದ್ದು, ತಲೆ ಕೊಡವಿ, ತೇಲುತ್ತ ನಡುನೀರಿಗೆ ಹೋಗಿ ನಿಂತಿತು. ಗೊತ್ತಿದ್ದವರ ಮನೆಗೆ ಬಂದಂತೆ.

“ಏನ್ ಬೇ, ನಿಂತ್ ನಿದ್ದಿ ಮಾಡಾಕತ್ತಿಯೇನ?” ಒಂದು ಕಟ್ಟೆಯ ಮೇಲಿಂದ ಹೆಂಗಸೊಬ್ಬಳು ಕಣಗಿಲೆಯನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿ ಬುಟ್ಟಿಗೆ ಒಗೆದಳು. “ಇರಿವಿ ಅದಾವ ಇದರಾಗ. ಆ ಹೂವ ತಂದಿಲ್ಲೇನು, ಮಣ್ಣ ಮುಟ್ಟದ್ದು?” ತಂದಿದ್ದಾಳೆ. ಅರಿವೆಯೊಳಗೆ ಕೈ ಹಾಕಿ ಒಂದು ತೆಗೆದುಕೊಟ್ಟಳು. ಹೆಂಗಸು ಅದನ್ನು ಕಣ್ಣಿಗೊತ್ತಿಕೊಂಡಳು. ಕಣ್ಣಿಗೊತ್ತಿಕೊಳ್ಳುವಾಗ ಅವಳ ರೆಪ್ಪೆಗೆ ಹತ್ತಿದ ನೀರಿನ ಹನಿ ಕಲ್ಲುಗಣಿಯ ಹನಿ.  ಗುರುಸಿದ್ದವ್ವನಿಗೆ, ಯಾಕೆಂದು ತಿಳಿಯದೆ, ನಗು ಬಂತು. ನಗುವನ್ನು ಸೆರಗಿನಲ್ಲಿ ಒರೆಸಿಕೊಂಡು ಮುಂದಿನ ಮನೆಗೆ ನಡೆದಳು. ಇದು ಎಲ್ಲಿಯ ಹೂವೆಂದು ತಿಳಿದರೆ ಇವತ್ತೇ ನಲವತ್ತು ಬಾಗಿಲೂ ಮುಚ್ಚುತ್ತವೆ. ಎರಡು ತಿಂಗಳಲ್ಲಿ ರುದ್ರವ್ವನ ಹೆರಿಗೆ. ಚೊಚ್ಚಲು. ಬೀಗರು ಬೆಳಗ್ಗೆ ಸಂಜೆ ಹಂಗಿಸುವ ಜನ. ಬಾಣಂತಿಗೆ ಹಾಕುವ ಕಾಳು ಈ ಮನೆಗಳಿಂದಲೇ ಬರಬೇಕು.

ರುದ್ರವ್ವ ಮಾತ್ರ ಸುಮ್ಮನಿರುವವಳಲ್ಲ. ಇವತ್ತೂ ಮಲ್ಲಿಗೆ ಕಟ್ಟುತ್ತ ದಾರವನ್ನು ಹಲ್ಲಿನಿಂದ ಕಡಿದು ಕೇಳಿದ್ದಳು: “ದಿನಾ ತುಂಬಿದ ಮ್ಯಾಲ ಯಾರನ್ನ ಕರೀತಿ ಬೇ?”

“ಪರಸವ್ವ ಅದಾಳಲ್ಲ.”

“ಅಕಿ ಬರ್ತಾಳೇನು?”

“ಬರದಽ ಏನ್ ಮಾಡ್ತಾಳ?”

“ಅದಽ ಅಂತೀನಿ. ಬರ್ತಾಳ. ನನ್ನ ಕೂಸಿನ್ನ ತಗದು ನಿನ್ನ ಕೈಯಾಗ ಕೊಡ್ತಾಳ. ಅವಾಗ ಅಕಿ ಮಾರಿ ನೋಡ್ತೀಯೋ, ಅವಾಗೂ ನಿನಗ ಕತ್ತಲಽ ಇರ್ತೈತೋ?”

ಕತ್ತಲು. ಆ ಒಂದು ಮಾತನ್ನು ಮಗಳು ಮೂರು ತಿಂಗಳಿಂದ ಉಪ್ಪಿನ ಹರಳಿನಂತೆ ಇಟ್ಟುಕೊಂಡು ಬೇಕಾದಾಗ ಗಾಯಕ್ಕೆ ಹಾಕುತ್ತಾಳೆ.

ಯುಗಾದಿಯ ಹೊತ್ತಿಗೆ ಬಾವಡಿ ಹಸಿರಾಗಿತ್ತು. ಮೊದಲು ಮೂಲೆಯಲ್ಲಿ ಒಂದು ಗುಂಪು, ಆಮೇಲೆ ಒಂದು ಪಕ್ಕ, ಆಮೇಲೆ ನಡುವೆ ಮೊರದಗಲ ನೀರು ಕನ್ನಡಿಯಂತೆ ಉಳಿದು, ಒಂದು ದಿನ ಅದೂ ಮುಚ್ಚಿತು. ಇಳಿಬಿಟ್ಟ ಕೊಡ ಎಲೆಯ ಮೇಲೆ ಕೂತು ಮುಳುಗುತ್ತಿರಲಿಲ್ಲ. ಎಲೆ ಸರಿಸಿ ಸೇದಿದರೆ ಕೊಳೆತ ವಾಸನೆ, ಕರಿಯ ಕೂದಲಿನಂಥ ಬೇರು, ಹುಳ. ಮನೆಗೊಬ್ಬರು ಜ್ವರ ಬಂದು ಮಲಗಿದರು. ಆಗ ಮಠದ ಪಡಸಾಲೆಯಲ್ಲಿ ಪೇಟೆಯ ಪಂಚರು ಕೂತರು. ಗುರುಸಿದ್ದವ್ವ ಕಂಬದ ಮರೆಯಲ್ಲಿ ನಿಂತಳು. ಗಿಡ ಬಿಟ್ಟವಳು ತಾನೆಂದು ಎಲ್ಲರಿಗೂ ಗೊತ್ತು. ಈಗ ತನ್ನ ಹೆಸರು ಬರುತ್ತದೆ, ಈಗ ಬರುತ್ತದೆ ಎಂದು ಉಗುರು ಕಚ್ಚುತ್ತ ನಿಂತಳು. ಬರಲಿಲ್ಲ. ಲಿಂಗದ ತಲೆಗೇರಿದ ಹೂವು ನೀರು ಕೆಡಿಸುತ್ತದೆಯೇ? ಶಿವರಾತ್ರಿಯಲ್ಲಿ ಚಂದಾಗಿದ್ದ ಗಿಡ ಯುಗಾದಿಗೆ ಯಾಕೆ ಸೊಕ್ಕಿತು? ನಡುವೆ ಏನೋ ಆಗಿದೆ. ಏನಾಗಿದೆ ಎಂದು ಹುಡುಕುವವರಿಗೆ ಸಿಗದೆ ಏನು? ಹಿರಿಯ ಪಂಚ ಬಸಗೊಂಡಪ್ಪನ ಸೊಸೆ ಹಡೆದ ಬೆಳಗ್ಗೆ ಸೂಲಗಿತ್ತಿ ಪರಸವ್ವ ಬಾವಡಿಯ ಬಾಗಿಲ ಹತ್ತಿರ ಕೈ ತೊಳೆದದ್ದನ್ನು ಯಾರೋ ಕಂಡಿದ್ದರು. ಪರಸವ್ವನನ್ನು ಕರೆಸಿದರು. ಅಂಗಳದಲ್ಲಿ ನಿಲ್ಲಿಸಿದರು. “ಬಾಗಲಾ ದಾಟಿಲ್ರಿ ಯಪ್ಪಾ. ಹೊರಗಽ ನಿಂತಿದ್ದೆ. ಹೂಗಾರ ಯವ್ವಾರು ಮ್ಯಾಲಿಂದ ನೀರ ಹಾಕಿದ್ರು. ಅವರನ್ನಽ ಕೇಳ್ರಿ.”

ಅಷ್ಟೂ ತಲೆಗಳು ಕಂಬದ ಕಡೆ ತಿರುಗಿದವು. ನಿಜ. ಮೆಟ್ಟಿಲು ಗುಡಿಸುವುದು ಹೂಗಾರರ ಕೆಲಸ. ಅವತ್ತು ಗುಡಿಸುತ್ತಿದ್ದಾಗ ಮೊಣಕೈತನಕ ನೆತ್ತರು ಹತ್ತಿದ ಕೈಯನ್ನು ದೂರ ಹಿಡಿದುಕೊಂಡು ಪರಸವ್ವ ಬಂದು ಬಾಗಿಲಾಚೆ ನಿಂತದ್ದು, ತಾನು ಕೊಡ ಎತ್ತಿ ಹನಿಸಿದ್ದು, “ಗಂಡ್ರಿ, ಗಂಡು” ಎಂದು ಅವಳು ನಕ್ಕದ್ದು, ನಗುವಾಗ ಹೊತ್ತು ಮೂಡಿದ ಬೆಳಕು ಅವಳ ಹಲ್ಲಿನ ಮೇಲೆ ಬಿದ್ದದ್ದು. ಇಷ್ಟನ್ನೂ ಹೇಳಿದರೆ ಆಮೇಲೇನು? ಮೈಲಿಗೆಯಿಂದಲ್ಲವಾದರೆ ಗಿಡ ಸೊಕ್ಕಿದ್ದು ಯಾಕೆಂದು ಕೇಳುತ್ತಾರೆ. ಸಾವಿರ ಎಂದ ತಮ್ಮನ ಮಾತು ಬಾಯಿಗೆ ಬರುತ್ತದೆ.

“ನೀ ಅಲ್ಲೇ ಇದ್ದೆಲ್ಲ ಬೇ. ಅಕಿ ಒಳಗ ಇಳದ್ಲೋ, ಇಲ್ಲೋ?” ಎಂದ ಬಸಗೊಂಡಪ್ಪ.

“ಕತ್ತಲಿತ್ರಿ ಯಪ್ಪಾ,” ಎಂದಳು. “ನನಗ ಕಾಣಲಿಲ್ಲ.”

ಅಷ್ಟೇ. ಇಳಿದಳೆಂದು ಹೇಳಲಿಲ್ಲ. ತಾನು ಸುಳ್ಳು ಸಾಕ್ಷಿ ನುಡಿಯಲಿಲ್ಲವೆಂದು ಎಷ್ಟು ಸಲ ಲೆಕ್ಕ ಹಾಕಿ ನೋಡಿದ್ದಾಳೆ. ಪರಸವ್ವ ತಲೆಯೆತ್ತಿ ಅವಳನ್ನು ನೋಡಿದಳು, ಬಹಳ ಹೊತ್ತೇನಲ್ಲ. ಅಂಗಡಿಯಲ್ಲಿ ಕೇಳಿದ ಸಾಮಾನು ಇಲ್ಲ ಎಂದಾಗ ನೋಡುವಷ್ಟು. ಕೇರಿಯವರು ಬಿಟ್ಟಿಯಾಗಿ ಇಳಿದು ಬಾವಡಿ ಸ್ವಚ್ಛ ಮಾಡಬೇಕು ಎಂದು ತೀರ್ಮಾನವಾಯಿತು. ನೀರು ಮುಟ್ಟಿದ್ದಕ್ಕೆ ದಂಡ: ಒಂಬತ್ತು ದಿನ ಎದೆಮಟ ಅದೇ ನೀರಿನಲ್ಲಿ ನಿಲ್ಲುವುದು. ಆ ಮಾತಿನಲ್ಲಿರುವ ಓರೆ ಪಡಸಾಲೆಯಲ್ಲಿ ಕೂತ ಒಬ್ಬರಿಗೂ ಹೊಳೆಯಲಿಲ್ಲ. ತನಗೆ ಹೊಳೆದಿತ್ತು. ಹೊಳೆದು ಏನಾಯಿತು? ಸ್ವಚ್ಛವಾದ ಮೇಲೆ ಬಾವಡಿಯ ಶುದ್ಧಿಗೆ ಒಂದು ಬುಟ್ಟಿ ಪತ್ರಿ ಬೇಕೆಂದರು. ಒಳ್ಳೆ ಎಳೆಯ ಪತ್ರಿ ಆರಿಸಿ ತಾನೇ ಕೊಟ್ಟಳು.

ಬಾಯಿ ಮಾಡಿದ ತಪ್ಪು ಒಂದಾದರೆ, ಕೈ ಮಾಡಿದ್ದು ಇನ್ನೊಂದು. ಕಿತ್ತು ಮೇಲೆ ತಂದ ಗಿಡ ಗುಡ್ಡದಷ್ಟು ಬಿದ್ದಿತ್ತು. ನಿಂತು ನೋಡಿಕೊಳ್ಳುವವಳು ಗುರುಸಿದ್ದವ್ವ. ಪರಸವ್ವನ ಗಂಡ ಭಾಗಪ್ಪ ಮೈಯೆಲ್ಲ ಕೆಸರು, ಕಿವಿಯಲ್ಲಿ ಬೇರಿನ ಎಳೆ ಸಿಕ್ಕಿಕೊಂಡು, ಬುಟ್ಟಿ ಹೊತ್ತು ನಿಂತು ಕೇಳಿದ: “ಎಲ್ಲಿ ಒಗೀಲ್ರಿ ಯವ್ವಾ?” ಪಕ್ಕದಲ್ಲೇ ಅವಳ ಹೂವಿನ ಪಟ್ಟಿ ಇತ್ತು. ಅಲ್ಲಿ ಹರಡಿ ಒಣಗಿಸಿ ಸುಡಬಹುದಿತ್ತು. ಮಲ್ಲಿಗೆಯ ನಾಲ್ಕು ಮಡಿ ಸಾಯುತ್ತಿದ್ದವು, ಅಷ್ಟೇ. ಅವಳ ಕೈ ತಾನಾಗಿ ಎದ್ದು ಇಟ್ಟಂಗಿಹಾಳದ ದಾರಿಯ ಕಡೆ ತೋರಿಸಿತು.

“ಅಲ್ಲಿ ನಮ್ಮ ಹೊಂಡ ಐತಲ್ರಿ.”

“ನೀರಾಗ ಯಾಕ ಒಗೀತಿ? ದಂಡಿಗೆ ಒಗಿ. ಬಿಸಲಿಗೆ ಒಣಗಿ ಸಾಯ್ತೈತಿ.”

ಸಾಯುವುದಿಲ್ಲವೆಂದು ಗೊತ್ತಿತ್ತು. ಶಿವರಾತ್ರಿಯ ಮುಂಚೆ ಒಂದು ಗಿಡ ಬಾವಡಿಯ ಗೋಡೆಯ ಮೇಲೆ ಹದಿನೈದು ದಿನ ಬಿದ್ದಿತ್ತು, ಎಲೆ ಸುಟ್ಟ ಹಪ್ಪಳವಾಗಿತ್ತು. ಕಾಲಿನಿಂದ ನೀರಿಗೆ ತಳ್ಳಿದ ನಾಲ್ಕೇ ದಿನಕ್ಕೆ ನಡುವಿನಿಂದ ಹಸಿರು ಚಿಗುರು ಎದ್ದದ್ದನ್ನು ನೋಡಿ ಕೈ ಮುಗಿದಿದ್ದಳು. ದೇವರ ಗಿಡವೆಂದು. ಭಾಗಪ್ಪ ತನ್ನ ನೀರಿನ ದಂಡೆಗೆ ತಾನೇ ಹೊತ್ತು ಹಾಕಿದ. ಮಿರಗದ ಮೊದಲ ಮಳೆ ಅದನ್ನು ಒಳಗೆ ಇಳಿಸಿತು.

ಬಸಗೊಂಡಪ್ಪನ ಮನೆ ಕೊನೆಯದು. ಅಡತಿ ಅಂಗಡಿಯ ಸಾವುಕಾರ, ಹಿರಿಯ ಪಂಚ; ಪಡಸಾಲೆಯ ತೂಗುಮಂಚದಲ್ಲಿ ಕೂತು, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡ ಹಗ್ಗದಿಂದ ಮೊಮ್ಮಗನ ತೊಟ್ಟಿಲು ತೂಗುತ್ತಿದ್ದ. ಗುರುಸಿದ್ದವ್ವ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಳು. ಅವನು ನೋಡಿದ, ಮತ್ತೆ ಕೂಸನ್ನು ನೋಡಿದ. ಕೂಸು ಮಲಗಿದ ಮೇಲೇ ಮಾತಾಡಿದ.

“ಎಷ್ಟ ತಂದಿ ಬೇ?”

“ಐದ ಉಳದಾವ್ರಿ ಯಪ್ಪಾ.”

“ಓಣಿಗೆಲ್ಲಾ ಹಂಚಿ ನಮಗ ಉಳದದ್ದು ಐದು! ಚಲೋ ಐತಿ.” ನಗುತ್ತಲೇ ಹೇಳಿದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದ. “ಎಲ್ಲೀವು? ನಮ್ಮ ಬಾವಡ್ಯಾಗಂತೂ ಒಂದ್ ಎಲಿ ಸೈತ ಉಳದಿಲ್ಲ.”

“ಟಿಕೋಟಾ ಕಡಿಂದ ತರಸೇನ್ರಿ.” ದಾರಿಯಲ್ಲಿ ಹೊಂದಿಸಿಟ್ಟುಕೊಂಡ ಮಾತು, ತೊದಲದೆ ಬಂತು.

“ಟಿಕೋಟಾದಾಗೂ ಐತಿ? ನೋಡ್ ಮತ್ತ. ಅಲ್ಲಿ ನೀರ ಕೆಟ್ಟೈತೇನು? ಕೆಟ್ಟಿರಂಗಿಲ್ಲ. ಗಿಡದ ತಪ್ಪಲ್ಲ ಬೇ ಅದು. ಕೆಡೂದಕ್ಕ ಕಾರಣಾ ಬ್ಯಾರೆ ಇತ್ತು, ತಗದ್ವಿ.” ಅವನು ಹೂವನ್ನು ತಟ್ಟೆಯಲ್ಲಿಟ್ಟ. “ಹೇಳೂದ ಮರತಿದ್ದೆ. ಘೋಣಸಗಿ ಬೀಗರು ತೊಟ್ಟಲಕ್ಕ ಬಂದಾಗ ಈ ಹೂವ ನೋಡಿ ಹೋಗ್ಯಾರ. ತ್ವಾಟದಾಗ ಬಾವಿ ಐತಿ ಅವರದು, ಹನ್ನೆರಡ ತಿಂಗಳ ನೀರು, ಅರ್ಧಾ ಊರ ಅದನ್ನಽ ಕುಡಿತೈತಿ. ಒಂದ್ ಗಿಡಾ ಕಳಸ್ರಿ ಅಂತ ಹೇಳಿ ಕಳಸ್ಯಾರ. ನಾಳಿ ಮುಂಜಾನೆ ಬಂಡಿ ಹೊಂಟೈತಿ. ಟಿಕೋಟಾದಿಂದಽ ತರಸ್ತೀಯೋ ಎಲ್ಲಿಂದ ತರಸ್ತೀಯೋ, ಸಂಜಿಗೆ ನನಗ ಗಿಡಾ ಬೇಕು.”

ತೊಟ್ಟಿಲ ಹಗ್ಗ ಕಿರುಗುಟ್ಟುತ್ತಿತ್ತು. ಕೂಸಿನ ಹೊಕ್ಕಳಿನ ಮೇಲೆ ಪರಸವ್ವ ಕಟ್ಟಿದ ದಾರ ಎಂದೋ ಉದುರಿರಬೇಕು. ಕೊಡ ಎಲೆಯ ಮೇಲೆ ಕೂತದ್ದು ಕಂಡಿತು ಗುರುಸಿದ್ದವ್ವನಿಗೆ, ಅವಳು ಎಂದೂ ನೋಡಿರದ ಘೋಣಸಗಿಯ ತೋಟದಲ್ಲಿ, ಗುರುತಿಲ್ಲದ ಹೆಂಗಸೊಬ್ಬಳ ಕೊಡ. “ಬ್ಯಾಡ್ರಿ ಯಪ್ಪಾ,” ಎಂದಳು. ಅಂದವರು ಯಾರೆಂದು ಅವಳೇ ಒಮ್ಮೆ ಹಿಂದೆ ನೋಡಿದಳು.

“ಯಾಕ?”

“ಅದು ಗಿಡದ್ದಽ ಗುಣಾರಿ. ಎಲ್ಲಿ ಬಿಟ್ರೂ ಹಂಗಽ. ನಮ್ಮ ಶಿವಯೋಗಿ ತಂದ ದಿನಾನಽ ಹೇಳಿದ್ದ, ಒಂದ್ ಬಿಟ್ರ ಸಾವಿರ ಆಗ್ತೈತಿ, ಕೆರಿನಽ ಮುಚ್ಚತೈತಿ ಅಂತ. ಗೊತ್ತಿದ್ದಽ ಬಿಟ್ಟೇನ್ರಿ ನಾ. ಪರಸವ್ವ ಬಾವಡಿಗೆ ಇಳದಿಲ್ಲ. ಬಾಗಲದ ಹೊರಗ ನಿಂತಿದ್ಲು, ನಾನಽ ಮ್ಯಾಲಿಂದ ನೀರ ಹಾಕೇನಿ. ಕತ್ತಲಿರಲಿಲ್ರಿ. ಹೊತ್ತ ಹೊಂಟಿತ್ತು. ಅಕಿ ನಕ್ಕದ್ದು ಸೈತ ನನಗ ಕಂಡೈತಿ.”

ಮೂರು ತಿಂಗಳು ಗಂಟಲಲ್ಲಿದ್ದುದು ಇಷ್ಟೇ ಇಷ್ಟು ಮಾತೇ?  ಬೈಗುಳಕ್ಕೆ, ಬುಟ್ಟಿ ಎಸೆಯುವುದಕ್ಕೆ, ಮಂಚದಿಂದ ಎದ್ದು ಬರುವುದಕ್ಕೆ ಕಾದಳು. ಬಸಗೊಂಡಪ್ಪ ಅವಳನ್ನೇ ನೋಡುತ್ತಿದ್ದವನು ಮೆಲ್ಲಗೆ ತಲೆಯಾಡಿಸಿದ. ಮುಖ ಮೆತ್ತಗಾಗಿತ್ತು.

“ಮಗಳಿಗೆ ದಿನಾ ಹತ್ರ ಬಂದಾವಲ್ಲ?”

“ಎರಡ ತಿಂಗಳೈತ್ರಿ.”

“ಅದಕ್ಕಽ. ಸೂಲಗಿತ್ತಿ ಕಣ್ಣೀರ ಬ್ಯಾಡ ಅಂತ ಅಂಜಿಕಿ ನಿನಗ. ಅಕಿ ತಪ್ಪ ನಿನ್ನ ಮ್ಯಾಲ ಹಾಕ್ಕೊಳ್ಳಾಕ ಬಂದಿ.” ಅವನು ನಕ್ಕ. “ದೊಡ್ಡ ಕರುಳ ಬೇ ನಿಂದು. ಹೆಂಗಸರ ಕರುಳಽ ಹಂಗ. ಆದ್ರ ಇನ್ನೊಬ್ರ ಮುಂದ ಇದನ್ನ ಆಡಬ್ಯಾಡ. ಐದ ಮಂದಿ ಕೂತು ತೀರ್ಮಾನ ಮಾಡಿದ್ದು. ಅದು ಸುಳ್ಳಾದ್ರ ನಾವು ಸುಳ್ಳು, ನಿನ್ನ ಸಾಕ್ಷಿನೂ ಸುಳ್ಳು. ಸುಳ್ಳ ಆಡಿದವರ ಕೈ ಹೂವು ಲಿಂಗಕ್ಕ ನಡೀತೈತೇನು? ಕ್ವಾಟಿ ಕಡೆ ಹೂಗಾರ ಒಬ್ಬಾಂವ ಈ ಮನಿಗೋಳು ನನಗ ಕೊಡ್ರಿ ಅಂತ ಬೆನ್ನ ಹತ್ಯಾನ, ಗೊತ್ತೈತಿಲ್ಲೋ? ನಾ ಏನೂ ಕೇಳಿಲ್ಲ.” ಒಳಗೆ ತಿರುಗಿ ಕೂಗಿದ: “ಏ, ಗುರುಸಿದ್ದವ್ವಗ ಒಂದ್ ಸೇರ ಗೋಧಿ ತಂದ್ ಹಾಕ್ರಿ. ಮಗಳು ಬಸರ ಅದಾಳ.”

ಅವನು ನಂಬಲಿಲ್ಲ. ಅಥವಾ ನಂಬಿದನೋ, ನಂಬಿ ಹಾಗೆ ನಕ್ಕನೋ? ಉಡಿಯಲ್ಲಿ ಗೋಧಿ ಬೀಳುತ್ತಿದ್ದಾಗ ಅವಳ ಕಣ್ಣಲ್ಲಿ ನೀರು ಬಂತು. ಒಳಗಿನ ಹೆಂಗಸರು ಅದನ್ನು ಉಪಕಾರದ ಕಣ್ಣೀರೆಂದು ತಿಳಿದರು. ಬೀದಿಗೆ ಬಂದು ಹತ್ತು ಹೆಜ್ಜೆ ಹಾಕಿದ ಮೇಲೆ ಅವಳಿಗೆ ತನ್ನ ಕತ್ತು ನೋಯುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಮೈ ಹಗುರಾಗಿತ್ತು. ಹೇಳಿಯೂ ಹೇಳಿದೆ, ಮನೆಗಳೂ ಉಳಿದವು. ಎರಡೂ ಆಯಿತು. ಇಂಥ ಸುಖ ಅವಳಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ. ಈ ಹಗುರಕ್ಕಾಗಿಯೇ ಹೇಳಿದೆನೇ, ಅವನು ನಂಬುವುದಿಲ್ಲವೆಂದು ಒಳಗೊಳಗೇ ಗೊತ್ತಿತ್ತೇ ಎಂದು ಕೇಳಿಕೊಂಡಾಗ ಉಡಿಯ ಗೋಧಿ ಸೀರೆಯ ಮೇಲಿಂದ ಚುಚ್ಚಿತು. ಹೂವು ಕಲ್ಲುಗಣಿಯದೆಂಬ ಮಾತೊಂದನ್ನು ಹೇಳಿರಲಿಲ್ಲ. ಅದನ್ನು ಹೇಳಿದ್ದರೆ ನಂಬುತ್ತಿದ್ದ. ಆ ಒಂದನ್ನು ತಕ್ಷಣ ನಂಬುತ್ತಿದ್ದ.

ಮನೆಯಲ್ಲಿ ಅಟ್ಟದ ಮೇಲಿನ ಬಿಸ್ಕೀಟಿನ ಡಬ್ಬಿ ತೆಗೆಯುವಾಗ ರುದ್ರವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಹೇಳಿದೆ ಎಂದಳು ತಾಯಿ. ಎಲ್ಲ ಹೇಳಿದೆ, ನಂಬಲಿಲ್ಲ ಎಂದಳು. ರುದ್ರವ್ವನ ಮುಖ ಅರಳಿತು. ಆಮೇಲೆ ಕಣ್ಣು ಗೋಧಿಯ ಗಂಟಿನ ಮೇಲೆ ಹೋಯಿತು, ಡಬ್ಬಿಯ ಮೇಲೆ ಹೋಯಿತು. “ಇದ್ಯಾಕ ತಗದಿ?” ಗುರುಸಿದ್ದವ್ವ ಡಬ್ಬಿಯ ಧೂಳನ್ನು ಸೆರಗಿನಿಂದ ಒರೆಸಿದಳು. ಗಿಡ ಸಿಗಲಿಲ್ಲ ಎಂದು ಸಾವುಕಾರನಿಗೆ ಹೇಳಿಬಿಡಬಹುದಿತ್ತು. ಟಿಕೋಟಾಕ್ಕೆ ಹೋಗಿದ್ದೆ, ಅಲ್ಲಿಯೂ ಒಣಗಿದೆ ಎನ್ನಬಹುದಿತ್ತು. ಇಷ್ಟು ಸುಳ್ಳು ಆಡಿದವಳಿಗೆ ಆ ಒಂದು ಸುಳ್ಳು ಭಾರವಾಗುತ್ತಿರಲಿಲ್ಲ. ಆದರೆ ಅದರಿಂದ ತನಗೇನೂ ಬರುವಂತಿರಲಿಲ್ಲ, ಹೋಗುವುದೇ ಹೆಚ್ಚಿತ್ತು. ತನ್ನ ಸುಳ್ಳುಗಳೆಲ್ಲ ಯಾವ ಕಡೆ ವಾಲುತ್ತವೆ ಎಂಬುದು ಅವಳಿಗೆ ಆಗ ಕಂಡಿತು. ಕಂಡೂ ಡಬ್ಬಿ ಹಿಡಿದು ಹೊರಟಳು.

ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲುಗಣಿಯ ಹೂವೆಲ್ಲ ತಲೆ ಬಾಗಿಸಿದ್ದವು. ಭಾಗಪ್ಪ ಉದ್ದನೆಯ ಬಡಿಗೆಯಿಂದ ಎಲೆಗಳನ್ನು ನೂಕಿ ಹಿಡಿದಿದ್ದ, ಪರಸವ್ವ ಆ ಸಂದಿನಲ್ಲಿ ನೀರು ತುಂಬುತ್ತಿದ್ದಳು. ಅರಿವೆಯಲ್ಲಿ ಸೋಸಿ ಸೋಸಿ ತುಂಬಿದ ನೀರು, ಅರ್ಧ ಕೊಡವೂ ಆಗಿರಲಿಲ್ಲ.

“ಮತ್ತ ಹೂವೇನ್ರಿ?” ಎಂದಳು ಪರಸವ್ವ. “ಈಗ ಬಾಡ್ಯಾವ್ರಿ ಅವು.”

“ಹೂವಲ್ಲ. ಗಿಡಾ. ಒಂದು.”

“ಒಂದಽ?” ಎಂದು ಭಾಗಪ್ಪ ದೊಡ್ಡದಾಗಿ ನಕ್ಕ. ನಗುವಾಗ ಬಡಿಗೆ ಸಡಿಲಾಗಿ ಎಲೆಗಳು ಸರಕ್ಕನೆ ಕೂಡಿಕೊಂಡವು. “ಬಂಡಿ ತರಬೇಕಿಲ್ರಿ ಯವ್ವಾ! ಎಲ್ಲಾ ಒಯ್ರಿ.”

ಪರಸವ್ವ ನಗಲಿಲ್ಲ. ಯಾರಿಗೆ ಎಂದು ಕೇಳಿದಳು. ಸಾವುಕಾರನ ಘೋಣಸಗಿಯ ಬೀಗರಿಗೆ, ಎಂದಳು ಗುರುಸಿದ್ದವ್ವ. ಆಮೇಲೆ, ಕಾದು ಕಾದು, ತಡೆಯಲಾರದೆ, ಅವಳೇ ಬಾಯಿಬಿಟ್ಟಳು: “ಪರಸವ್ವಾ, ಸಾವುಕಾರಗ ಎಲ್ಲಾ ಹೇಳಿದೆ ಇವತ್ತ. ನೀ ಒಳಗ ಇಳದಿಲ್ಲ, ನಾನಽ ನೀರ ಹಾಕೇನಿ, ಗಿಡದ್ದಽ ಗುಣಾ ಅಂದೆ. ದೇವರಾಣಿ. ಅಂವ ನಂಬಲಿಲ್ಲ.”

ಇಷ್ಟು ಹೇಳಿ, ಮಗಳಿಗಿಂತ ಸಣ್ಣವಳಂತೆ ಅವಳ ಮುಖ ನೋಡುತ್ತ ನಿಂತಳು. ಏನಾದರೂ ಅನ್ನಲಿ. ಹೋಗಲಿ ಬಿಡ್ರಿ ಅನ್ನಲಿ. ಪರಸವ್ವ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡಳು.

“ಕತ್ತಲಿತ್ತು ಅಂದ್ರೆಲ್ಲ ಅವತ್ತು,” ಎಂದಳು. “ಅದನ್ನ ಮಾತ್ರ ಒಂದಽ ಮಾತಿಗೆ ನಂಬಿದ್ರು ನೋಡ್ರಿ.”

ಅವಳು ನೀರಿಗಿಳಿದು ಒಳ್ಳೆಯದೊಂದನ್ನೇ ಆರಿಸಿದಳು, ಎಲೆ ಹರಿಯದ್ದು, ನಡುವೆ ಎರಡು ಮೊಗ್ಗಿದ್ದದ್ದು. ಡಬ್ಬಿಯನ್ನು ಮುಟ್ಟದೆ ಮೇಲಿನಿಂದ ಗಿಡ ಇಳಿಬಿಟ್ಟಳು. ಕರಿಯ ಬೇರು ಜಾರಿ ಒಳಗೆ ಸುತ್ತಿಕೊಂಡಿತು. ಬೊಗಸೆಯಿಂದ ನೀರೂ ಹಾಕಿದಳು, ಮೂರು ಬೊಗಸೆ, ಸೋಸಿದ್ದನ್ನೇ, ಕೊಡದೊಳಗಿನದನ್ನೇ. ಗುರುಸಿದ್ದವ್ವ ಡಬ್ಬಿ ಎತ್ತಿಕೊಂಡಳು. ಅದರಲ್ಲಿದ್ದ ಇಷ್ಟೇ ಇಷ್ಟು ತಿಳಿನೀರನ್ನು ನೋಡಿದಳು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಎರಡು ಹೆಜ್ಜೆ ಮುಂದೆ ಬಂದು, ಗಿಡವನ್ನು ಅಂಗೈಯಿಂದ ತಡೆದು, ನೀರನ್ನು ಪರಸವ್ವನ ಕೊಡಕ್ಕೆ ತಿರುಗಿ ಬಗ್ಗಿಸಹೋದಳು.

ಪರಸವ್ವ ಕೊಡದ ಬಾಯಿಗೆ ಕೈ ಅಡ್ಡ ಇಟ್ಟಳು.

“ಬ್ಯಾಡ್ರಿ ಯವ್ವಾ,” ಎಂದಳು. “ಗಿಡಾ ಸತ್ತೀತು. ಘೋಣಸಗಿ ದೂರ ಐತಿ.”